ಟರ್ಬೊ ಬೇಗ ಏಳ್ಬೇಕು, ಬೂಸ್ಟ್ ಕೈ ಮೀರಬಾರ್ದು: ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ ಹಾಕೋದು ಹೀಗೆ

ಟರ್ಬೊ ಗಾಡಿಗೆ ಪಿಕಪ್ ಜಾಸ್ತಿ ಮಾಡ್ಬೇಕು ಅಂತ ಹೊರಟವರು ಮೊದಲು ದುಡ್ಡು ಸುರಿಯೋದು ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳೋ ಗಾಳಿಯ ಒತ್ತಡ) ಹಿಡಿತದಲ್ಲಿಡೋ ಕಂಟ್ರೋಲರ್ ಮೇಲೆ. ನನ್ನ ಕೇಳಿದ್ರೆ ಅದು ಎಲ್ಲಕ್ಕಿಂತ ಕೊನೇಗೆ ಬರ್ಬೇಕಾದ್ದು. ಮೊದಲು ನೋಡ್ಬೇಕಾದ್ದು ವೇಸ್ಟ್‌ಗೇಟ್ (ಹೆಚ್ಚಾದ ಹೊಗೆ ಆಚೆ ಬಿಡೋ ವಾಲ್ವ್) ಮ್ಯಾನಿಫೋಲ್ಡಲ್ಲಿ (ಸಿಲಿಂಡರುಗಳ ಹೊಗೇನ ಟರ್ಬೊಗೆ ಒಯ್ಯೋ ಪೈಪುಗಳು) ಎಲ್ಲಿ ಕೂರುತ್ತೆ, ಹೊಗೆ ಅದರೊಳಗೆ ಎಷ್ಟು ಸಲೀಸಾಗಿ ಹೋಗುತ್ತೆ ಅನ್ನೋದು.

ಎಂಜಿನ್ ಬಿಡೋ ಹೊಗೆ ಟರ್ಬೈನ್ ತಿರುಗಿಸುತ್ತೆ, ಅದೇ ಶಾಫ್ಟಿನ ಆ ತುದಿಲಿರೋ ಕಂಪ್ರೆಸರ್ ಗಾಳೀನ ಒತ್ತಿ ಎಂಜಿನ್ ಒಳಗೆ ಕಳಿಸುತ್ತೆ, ಗಾಳಿ ಜಾಸ್ತಿ ಹೋದ್ರೆ ಹೊಗೇನೂ ಜಾಸ್ತಿ, ಹೊಗೆ ಜಾಸ್ತಿ ಆದ್ರೆ ಟರ್ಬೈನ್ ಇನ್ನೂ ಜೋರು, ಹಿಂಗೇ ಬಿಟ್ರೆ ಪಿಸ್ಟನ್ನೋ ಗ್ಯಾಸ್ಕೆಟ್ಟೋ ಹೋಗೋ ತನಕ ಏರ್ತಾನೇ ಇರುತ್ತೆ. ಕೆರೆಗೆ ಕೋಡಿ ಇರುತ್ತಲ್ಲ, ವೇಸ್ಟ್‌ಗೇಟೂ ಅದೇ. ಮಟ್ಟ ಮುಟ್ಟಿದ ಮೇಲೆ ಹೆಚ್ಚಾದ ಹೊಗೇನ ಟರ್ಬೈನ್ ಹತ್ರ ಬಿಡದೆ ಪಕ್ಕದಿಂದ ಆಚೆ ಕಳಿಸೋದು. ಕೋಡಿ ಚಿಕ್ಕದಾದ್ರೆ ಏರಿ ಒಡೆಯುತ್ತೆ, ಕೋಡಿ ಮೊದಲೇ ಸೋರ್ತಿದ್ರೆ ಕೆರೆ ತುಂಬೋದೇ ಇಲ್ಲ. ಸ್ಪೂಲ್ (ಟರ್ಬೊ ವೇಗ ಹಿಡಿಯೋದು) ಲೇಟು ಅನ್ನೋ ಅರ್ಧ ದೂರು ಈ ಎರಡನೇದೇ.

ಕಂಪನಿಯಿಂದ ಬರೋ ಕಾರುಗಳಲ್ಲಿ ಈ ಗೇಟು ಸಾಮಾನ್ಯವಾಗಿ ಟರ್ಬೈನ್ ಹೌಸಿಂಗ್ ಒಳಗೇ ಇರೋ ಒಂದು ಸಣ್ಣ ಮುಚ್ಚಳ. 1970ರ ದಶಕದ ಕೊನೇಲಿ ಸಾಬ್ 99 ಟರ್ಬೊ ಬಂದಾಗ್ಲೂ ಯೋಚನೆ ಇದೇ, ಚಿಕ್ಕ ಟರ್ಬೊ ಹಾಕಿ ಕೆಳಗಿನ ಆರ್‌ಪಿಎಂನಲ್ಲೇ ಎಬ್ಬಿಸು, ಮೇಲೆ ಹೋದಾಗ ವೇಸ್ಟ್‌ಗೇಟಿಂದ ಹಿಡಿ. ಕಂಪನಿ ಬೂಸ್ಟಿಗೆ ಒಳಗಿನ ಮುಚ್ಚಳ ಸಾಕು. ದೊಡ್ಡ ಟರ್ಬೊ, ಜಾಸ್ತಿ ಬೂಸ್ಟ್ ಅಂದಾಗ ಟರ್ಬೈನ್ ಮುಂದೆ ಕಟ್ಟಿಕೊಳ್ಳೋ ಹೊಗೆಯ ಒತ್ತಡ ಆ ಮುಚ್ಚಳಾನ ಮೊದಲೇ ತಳ್ಳಿ ತೆಗೀತದೆ, ಆಮೇಲೆ ಆ ಸಣ್ಣ ತೂತಲ್ಲಿ ಸಾಕಷ್ಟು ಹೊಗೆ ಆಚೆ ಹೋಗೋದೂ ಇಲ್ಲ. ಎಕ್ಸ್‌ಟರ್ನಲ್ ಅಂದ್ರೆ ಟರ್ಬೊಗಿಂತ ಮುಂಚೆ ಮ್ಯಾನಿಫೋಲ್ಡಿಗೇ ಬೋಲ್ಟೋ ವಿ-ಬ್ಯಾಂಡ್ ಕ್ಲಾಂಪೋ ಹಾಕಿ ಕೂರಿಸೋ ಬೇರೆ ವಾಲ್ವ್, ಮೇಲೆ ದೊಡ್ಡ ಡಯಾಫ್ರಾಮ್ (ಗಾಳಿ ಒತ್ತಡಕ್ಕೆ ಅಲುಗೋ ಪೊರೆ), ಗಟ್ಟಿ ಸ್ಪ್ರಿಂಗ್.

ಸೈಜ್ ಆರಿಸೋದ್ರಲ್ಲಿ ತುಂಬಾ ಜನ ಉಲ್ಟಾ ಯೋಚಿಸ್ತಾರೆ. 38, 44, 50, 60 ಎಂಎಂ ಹಿಂಗೆ ಸಿಗುತ್ತೆ. ಬೂಸ್ಟ್ ಜಾಸ್ತಿ ಅಂದ್ರೆ ಗೇಟ್ ದೊಡ್ಡದು ಅನ್ಕೋತಾರೆ, ಆದ್ರೆ ಅದೇ ಎಂಜಿನ್ನು ಅದೇ ಟರ್ಬೊದಲ್ಲಿ ಬೂಸ್ಟ್ ಕಮ್ಮಿ ಇಡ್ಬೇಕಾದ್ರೇನೇ ಜಾಸ್ತಿ ಹೊಗೆ ಆಚೆ ಹೋಗ್ಬೇಕು, ಆಗಲೇ ದೊಡ್ಡ ಗೇಟ್ ಬೇಕು.

ಈಗ ಜಾಗ. ನಾಲ್ಕೂ ಸಿಲಿಂಡರಿನ ಪೈಪು ಸೇರೋ ಕಲೆಕ್ಟರಲ್ಲೇ ವೇಸ್ಟ್‌ಗೇಟ್ ಪೈಪು ಹೊರಡ್ಬೇಕು, ಹೊಗೆ ಹರಿಯೋ ದಿಕ್ಕಿಗೇ ಓರೆಯಾಗಿ, 45 ಡಿಗ್ರಿ ಅಥವಾ ಅದಕ್ಕಿಂತ ಕಮ್ಮಿ ಕೋನದಲ್ಲಿ. ಟ್ರ್ಯಾಕಿಗೆ ಅಂತ ಮಾಡಿದ್ದ ನಮ್ಮ 1.8 ಲೀಟರ್ ಪೆಟ್ರೋಲ್ ಗಾಡಿಗೆ ಮೊದಲ ಸಲ ವೆಲ್ಡಿಂಗ್ ಮಾಡಿಸಿದಾಗ ಜಾಗ ಇಲ್ಲ ಅಂತ ಒಂದೇ ರನ್ನರ್ (ಒಂದು ಸಿಲಿಂಡರಿನ ಪೈಪು) ಮೇಲೆ 90 ಡಿಗ್ರಿಗೆ ನೆಟ್ಟಗೆ ಕೂರಿಸಿಬಿಟ್ರು. 0.7 ಬಾರ್ ಸ್ಪ್ರಿಂಗ್ (ಅಷ್ಟು ಬೂಸ್ಟಿಗೆ ಗೇಟು ತೆಗೆಯೋದು), 4000 ಆರ್‌ಪಿಎಂನಲ್ಲಿ ಮುಳ್ಳು 0.7ಕ್ಕೆ ಬಂತು, 6000 ದಾಟೋಷ್ಟರಲ್ಲಿ 1 ಬಾರ್ ಮೀರಿತ್ತು. ಇದನ್ನೇ ಬೂಸ್ಟ್ ಕ್ರೀಪ್ ಅನ್ನೋದು. ಸ್ಪ್ರಿಂಗ್ ಬದಲಾಯಿಸಿದ್ವಿ, ಪೈಪು ಬದಲಾಯಿಸಿದ್ವಿ, ವೇಸ್ಟ್‌ಗೇಟೇ ಡೂಪ್ಲಿಕೇಟ್ ಇರ್ಬೇಕು ಅಂತ ಅನುಮಾನ ಪಟ್ವಿ, ಕೊನೇಗೆ ಆ ಪೈಪು ಕತ್ತರಿಸಿ ಕಲೆಕ್ಟರಲ್ಲಿ ಓರೆಯಾಗಿ ವೆಲ್ಡ್ ಮಾಡಿಸಿದ್ಮೇಲೆ ಅದೇ ಗೇಟು ಅದೇ ಸ್ಪ್ರಿಂಗಲ್ಲಿ 0.7ಕ್ಕೆ ಗೆರೆ ಎಳೆದಂಗೆ ನಿಂತಿತು. ಟ್ವಿನ್ ಸ್ಕ್ರೋಲ್ ಟರ್ಬೊ (ಹೊಗೆ ಎರಡು ಬೇರೆ ದಾರೀಲಿ ಟರ್ಬೈನಿಗೆ ಬರೋದು) ಆಗಿದ್ರೆ ಎರಡೂ ಕಡೆಯ ಹೊಗೆ ಗೇಟ್ ತನಕ ಬೇರೆಬೇರೆಯಾಗೇ ಬರ್ಬೇಕು, ಇಲ್ಲ ಎರಡು ಗೇಟೇ ಹಾಕ್ಬೇಕು.

ಸ್ಪ್ರಿಂಗ್ ಅನ್ನೋದು ನಿಮ್ಮ ತಳಮಟ್ಟ. ಎಂಥ ಕಂಟ್ರೋಲರ್ ಹಾಕಿದ್ರೂ ಅದಕ್ಕಿಂತ ಕೆಳಗೆ ಬೂಸ್ಟ್ ಇಳಿಸಕ್ಕಾಗಲ್ಲ, ಮೇಲಕ್ಕೆ ಮಾತ್ರ ಏರಿಸ್ಬಹುದು. ಗುರಿ 1.2 ಬಾರ್ ಇದ್ರೆ 0.7ರ ಆಸುಪಾಸಿನ ಸ್ಪ್ರಿಂಗ್ ಸರಿ. ಇಲ್ಲೊಂದು ನಮ್ಮ ಊರಿನ ವಿಷಯ. ಸ್ಪ್ರಿಂಗ್ ಲೆಕ್ಕ ಹಾಕೋದು ಹೊರಗಿನ ಗಾಳಿಯ ಒತ್ತಡದಿಂದ ಮೇಲಕ್ಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಇಲ್ಲಿ ಗಾಳಿ ಒತ್ತಡ ಹತ್ರಹತ್ರ 0.91 ಬಾರ್, ಮಂಗಳೂರಲ್ಲಿ 1.01. ಗೇಜು ಎರಡೂ ಕಡೆ 0.7 ಅಂತಾನೇ ತೋರಿಸುತ್ತೆ, ಆದ್ರೆ ಎಂಜಿನ್ನಿಗೆ ನಿಜವಾಗಿ ಸಿಗೋದು ಇಲ್ಲಿ 1.61, ಅಲ್ಲಿ 1.71. ಇಲ್ಲಿ ಮ್ಯಾಪಿಂಗ್ (ಎಂಜಿನ್ ಕಂಪ್ಯೂಟರಲ್ಲಿ ಇಂಧನದ ಲೆಕ್ಕ ಹೊಂದಿಸೋದು) ಮಾಡಿಸಿ ಚೆನ್ನೈ ಟ್ರ್ಯಾಕಿಗೆ ತಗೊಂಡು ಹೋದ್ರೆ ಗಾಳಿ ಜಾಸ್ತಿ ಹೋಗುತ್ತೆ ಅನ್ನೋದು ಟ್ಯೂನ್ ಮಾಡೋರಿಗೆ ಮೊದಲೇ ಹೇಳಿ.

ಗಾಳಿ ಪೈಪಿನ ಕೆಲಸ ನಿಧಾನವಾಗಿ ಮಾಡಿ. ವೇಸ್ಟ್‌ಗೇಟಿಗೆ ಸಾಮಾನ್ಯವಾಗಿ ಎರಡು ಪೋರ್ಟ್. ಕೆಳಗಿನದಕ್ಕೆ ಬಂದ ಬೂಸ್ಟ್ ವಾಲ್ವನ್ನ ಮೇಲಕ್ಕೆ ಎತ್ತುತ್ತೆ, ಮೇಲಿನದಕ್ಕೆ ಬಂದದ್ದು ಸ್ಪ್ರಿಂಗ್ ಜೊತೆ ಸೇರಿ ಕೆಳಕ್ಕೆ ಒತ್ತುತ್ತೆ. ಕೆಳಗಿನ ಪೋರ್ಟಿಗೆ ಕಂಪ್ರೆಸರ್ ಔಟ್‌ಲೆಟ್‌ನಿಂದ ನೇರ ಪೈಪು ಎಳೀರಿ, ಥ್ರಾಟಲ್ ಆಚೆಗಿನ ಇನ್‌ಟೇಕ್ ಮ್ಯಾನಿಫೋಲ್ಡಿಂದ ಬೇಡ. ಆ ಪೈಪಿಗೆ ಬೇರೆ ಯಾವ ಗೇಜನ್ನೂ ಟೀ ಹಾಕಿ ಸೇರಿಸ್ಬೇಡಿ. ಮೇಲಿನ ಪೈಪು ಕಿತ್ಕೊಂಡ್ರೆ ಬೂಸ್ಟ್ ಸ್ಪ್ರಿಂಗ್ ಮಟ್ಟಕ್ಕೆ ಇಳಿಯುತ್ತೆ ಅಷ್ಟೆ, ಕೆಳಗಿನದು ಕಿತ್ಕೊಂಡ್ರೆ ಗೇಟು ತೆಗೆಯೋದೇ ಇಲ್ಲ, ಎಂಜಿನ್ ಹೋಯ್ತು ಅಂತಾನೇ. ಪೆಟ್ರೋಲ್ ಎಂಜಿನ್ ಫುಲ್ ಲೋಡಲ್ಲಿ ಹೊಗೆ 800-900 ಡಿಗ್ರಿ ಸೆಲ್ಸಿಯಸ್ ಇರುತ್ತೆ, ಗೇಟಿನ ಹತ್ರ ಮೊದಲ ಗೇಣುದ್ದ ಲೋಹದ ಪೈಪೇ ಹಾಕಿ, ಆಮೇಲೆ ಸಿಲಿಕಾನ್.

ಗೇಟಿಂದ ಬರೋ ಹೊಗೆ ನೇರ ಆಚೆಗೆ ಬಿಟ್ರೆ ಕಿರುಚುತ್ತೆ. ಟರ್ಬೊ ದಾಟಿ ಸ್ವಲ್ಪ ಮುಂದಕ್ಕೆ ಡೌನ್‌ಪೈಪಿಗೆ (ಟರ್ಬೊದಿಂದ ಸೈಲೆನ್ಸರ್ ಕಡೆ ಹೋಗೋ ಪೈಪು) ಓರೆಯಾಗಿ ಸೇರಿಸೋದು ಉತ್ತಮ, ನಡುವೆ ಬೆಲ್ಲೋ (ಹಿಗ್ಗಿ ಕುಗ್ಗೋ ಮಡಿಕೆ ಪೈಪು) ಇರ್ಲಿ, ಇಲ್ಲಾಂದ್ರೆ ಬಿಸಿಗೆ ಹಿಗ್ಗಿ ವೆಲ್ಡಿಂಗ್ ಬಿರುಕು ಬಿಡುತ್ತೆ.

ಎಂಜಿನ್ ತಣ್ಣಗಿರೋವಾಗ್ಲೇ ಸೋರಿಕೆ ನೋಡಿ. ಸೈಲೆನ್ಸರ್ ಕಡೆಯಿಂದ ಗಾಳಿ ಊದಿ, ಮ್ಯಾನಿಫೋಲ್ಡ್ ಜೋಡಣೆಗಳ ಮೇಲೆ ಸೋಪ್ ನೀರು ಹಾಕಿದ್ರೆ ಎಲ್ಲೆಲ್ಲಿ ಗುಳ್ಳೆ ಬರುತ್ತೋ ಅಲ್ಲೆಲ್ಲ ನಿಮ್ಮ ಸ್ಪೂಲ್ ಹೋಗ್ತಿದೆ ಅಂತ ಅರ್ಥ. ಟರ್ಬೈನಿಗಿಂತ ಮುಂಚಿನ ಸಣ್ಣ ಸೋರಿಕೇನೂ ಟರ್ಬೊ ಏಳೋದನ್ನ ತಡ ಮಾಡುತ್ತೆ. ಮ್ಯಾನಿಫೋಲ್ಡಿಗೆ ಹೀಟ್ ರ‍್ಯಾಪ್ ಸುತ್ತಿದ್ರೆ ಬಿಸಿ ಒಳಗೇ ಉಳಿದು ಇನ್ನೊಂಚೂರು ಸಹಾಯ.

ಮೊದಲ ಓಟ ಬರೀ ಸ್ಪ್ರಿಂಗ್ ಮೇಲೆ, ಮೇಲಿನ ಪೋರ್ಟ್ ಖಾಲಿ ಬಿಟ್ಟು, ಡೈನೋ (ಗಾಡಿ ನಿಂತಲ್ಲೇ ಓಡಿಸಿ ಪವರ್ ಅಳೆಯೋ ಯಂತ್ರ) ಮೇಲೆ. ಗಾಳಿ-ಪೆಟ್ರೋಲ್ ಪ್ರಮಾಣ ತೋರಿಸೋ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ, ಇಸಿಯುನಲ್ಲಿ (ಎಂಜಿನ್ ಕಂಪ್ಯೂಟರ್) ಬೂಸ್ಟ್ ಮೀರಿದ್ರೆ ಫ್ಯೂಯಲ್ ಕಟ್ ಆಗೋ ಹಂಗೆ ಇಡದೆ ಆಕ್ಸಲರೇಟರ್ ಒತ್ತಲೇಬೇಡಿ. ಮೇಲಿನ ಆರ್‌ಪಿಎಂ ತನಕ ಬೂಸ್ಟ್ ಏರದೆ ನಿಂತ್ರೆ ಮಾತ್ರ ಮುಂದಿನ ಹೆಜ್ಜೆ.

ಈಗ ಕಂಟ್ರೋಲರ್. ಬರೀ ಸ್ಪ್ರಿಂಗ್ ಇದ್ದಾಗ 0.7ಕ್ಕೆ ಪೂರ್ತಿ ತೆಗೆಯೋ ಗೇಟು 0.5 ಹತ್ರದಲ್ಲೇ ಮೆಲ್ಲಗೆ ಬಿಡೋಕೆ ಶುರು ಮಾಡಿರ್ಬಹುದು, ಇನ್ನೂ ಎದ್ದಿರದ ಟರ್ಬೈನಿಗೆ ಸಿಗ್ಬೇಕಾದ ಹೊಗೆ ಅಷ್ಟು ಪೋಲು. ಮೂರು ಪೋರ್ಟಿನ ಸೊಲೆನಾಯ್ಡ್ (ಕರೆಂಟಿಂದ ತೆಗೆದು ಮುಚ್ಚೋ ವಾಲ್ವ್) ಮೂಲಕ ಅದೇ ಬೂಸ್ಟನ್ನ ಮೇಲಿನ ಪೋರ್ಟಿಗೂ ಕೊಟ್ರೆ ಎರಡೂ ಕಡೆ ಸಮ ಆಗಿ ಸ್ಪ್ರಿಂಗ್ ಒಂದೇ ಗೇಟನ್ನ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಗುರಿ ಹತ್ರ ಬಂದಾಗ ಮಾತ್ರ ಮೇಲಿನ ಗಾಳಿ ಬಿಡೋದು. ಸ್ಪೂಲ್ ಬೇಗ ಆಗೋದರ ಗುಟ್ಟು ಇಷ್ಟೇ. ಡ್ಯೂಟಿ (ಸೊಲೆನಾಯ್ಡಿಗೆ ಕರೆಂಟ್ ಇರೋ ಸಮಯದ ಶೇಕಡಾ) ಸೊನ್ನೆಯಿಂದ ಶುರು ಮಾಡಿ, 5 ಶೇಕಡಾ ಏರಿಸಿ, ಪ್ರತಿ ಸಲ ಅದೇ ಗೇರಲ್ಲಿ, ಸಾಧ್ಯ ಆದ್ರೆ ನಾಲ್ಕನೇದ್ರಲ್ಲಿ, ಲಾಗ್ ತೆಗೀರಿ, ಮೂರನೇ ಗೇರಿನ ಲೆಕ್ಕ ಲೋಡ್ ಜಾಸ್ತಿ ಆದಾಗ ತಪ್ಪುತ್ತೆ. ಗುರಿ ದಾಟಿ ಒಂದ್ಸಲ ಜಿಗಿದು ವಾಪಸ್ ಬಂದ್ರೆ ಅದು ಸ್ಪೈಕ್, ಗಾಳಿ ಬಿಡೋದನ್ನ ಸ್ವಲ್ಪ ಬೇಗ ಶುರು ಮಾಡಿ. ಕೆಳಗೆ ಸರಿ ಇದ್ದು ಆರ್‌ಪಿಎಂ ಜೊತೆ ಏರ್ತಾ ಹೋದ್ರೆ ಅದು ಕ್ರೀಪ್, ಅದನ್ನ ಲ್ಯಾಪ್‌ಟಾಪಲ್ಲಿ ಸರಿಮಾಡಕ್ಕಾಗಲ್ಲ, ಮತ್ತೆ ವೆಲ್ಡಿಂಗ್ ಅಂಗಡಿಗೇ ಹೋಗ್ಬೇಕು.

ಎಂಜಿನ್ನಿಗಿಂತ ತೀರಾ ದೊಡ್ಡ ಟರ್ಬೊ ಹಾಕಿದ್ರೆ ಅದರ ಲ್ಯಾಗನ್ನ (ಟರ್ಬೊ ಏಳೋಕೆ ಹಿಡಿಯೋ ತಡ) ಯಾವ ಗೇಟೂ ತೆಗೆಯಲ್ಲ. ಇನ್ನು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸೋ ಹಂಗಿಲ್ಲ, ಹಾಗಾಗಿ ಇದು ಟ್ರೇಲರ್ ಮೇಲೆ ಟ್ರ್ಯಾಕಿಗೆ ಹೋಗೋ ಗಾಡಿಗೆ ಮಾತ್ರ. ಮೊದಲ ಎರಡು-ಮೂರು ಟ್ರ್ಯಾಕ್ ದಿನ ಆದ್ಮೇಲೆ ವಿ-ಬ್ಯಾಂಡ್ ಇನ್ನೊಂದ್ಸಲ ಬಿಗಿ ಮಾಡಿ, ಕೆಳಗಿನ ಪೋರ್ಟಿಗೆ ರೆಗ್ಯುಲೇಟರ್ ಇಟ್ಟು ಕಂಪ್ರೆಸರ್ ಗಾಳಿ ಬಿಟ್ಟು ನೋಡಿ, ವಾಲ್ವ್ ಮೊದಲಿನ ಒತ್ತಡಕ್ಕೇ ಏಳ್ದೆ ಗಾಳಿ ಸುಸ್ ಅಂತ ಸೋರಿದ್ರೆ ಡಯಾಫ್ರಾಮ್ ಹರಿದಿದೆ, ಅದನ್ನ ಬದಲಾಯಿಸೋ ತನಕ ಗಾಡಿ ಸ್ಟಾರ್ಟ್ ಮಾಡ್ಬೇಡಿ.