ಅಗತ್ತಿಯ ಹವಳ ನೋಡಲು ಹೀಗೆ ಇಳಿಯಿರಿ

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಇಂದಿಗೂ ಸರಕು ಹೋಗುತ್ತದೆ. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದರೂ ಸ್ನಾರ್ಕೆಲಿಂಗ್ (ಮಾಸ್ಕ್ ತೊಟ್ಟು, ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟು ನೀರಿನ ಮೇಲೆ ತೇಲುತ್ತಾ ಕೆಳಗಿನದನ್ನು ನೋಡುವುದು) ಆಸೆಯವರು ಕೊಚ್ಚಿಗೆ ಹೋಗಿಯೇ ಹೊರಡುವುದು ವಾಡಿಕೆ. ಅಲ್ಲಿಂದ ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ, ಹಡಗಿನಲ್ಲಾದರೆ ಒಂದು ರಾತ್ರಿಯ ಪಯಣ.

ಟಿಕೆಟ್‌ಗೂ ಮೊದಲು ಪರವಾನಗಿ

ಇಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ ಠಾಣೆ ಅಲೆಯುವುದೂ ಇರಬಹುದಾದ್ದರಿಂದ ಒಂದೆರಡು ತಿಂಗಳು ಮೊದಲೇ ಕೆಲಸ ಶುರುಮಾಡಿ. ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಹೋಗಬಹುದು. ಮುಂಗಾರು ಶುರುವಾದ ಮೇಲೆ ಆ ಮಾತೇ ಬೇಡ.

ಮಾಸ್ಕ್ ಪರೀಕ್ಷೆ ಮನೆಯಲ್ಲೇ

ಬಹುಪಾಲು ಜನರ ಮೋಜು ಕೆಡುವುದು ಮಾಸ್ಕ್‌ನಿಂದ. ಪಟ್ಟಿ ಹಾಕಿಕೊಳ್ಳದೆ ಅದನ್ನು ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಕಚ್ಚಿಕೊಂಡು ನಿಂತರೆ ಅದು ನಿಮ್ಮ ಅಳತೆಯದು. ಮೀಸೆಯವರಿಗೆ ನೀರು ಒಸರುವ ಕಾಟ ಜಾಸ್ತಿ. ಟ್ರಿಮ್ ಮಾಡಿ, ಇಲ್ಲವೇ ಅಂಚಿಗೆ ವ್ಯಾಸಲೀನ್ ಸವರಿ. ಹೊಸ ಮಾಸ್ಕ್‌ನ ಗಾಜನ್ನು ಒಳಗಿನಿಂದ ಟೂತ್‌ಪೇಸ್ಟ್‌ನಲ್ಲಿ ಉಜ್ಜಿ ತೊಳೆದರೆ ಮಂಜು ಕಟ್ಟುವುದು ಕಡಿಮೆಯಾಗುತ್ತದೆ. ನೀರಿಗಿಳಿಯುವ ಮುನ್ನ ಎಂಜಲು ಸವರಿ ತೊಳೆಯುವುದು ಹಳೆಯ ಉಪಾಯ. ಅಸಹ್ಯ ಎನಿಸಿದರೂ ಕೆಲಸ ಮಾಡುತ್ತದೆ. ಕನ್ನಡಕದವರಿಗೆ ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕ್ ನನಗೆ ಹಿಡಿಸದು: ಗಾಬರಿಯಾದಾಗ ಥಟ್ಟನೆ ಕಿತ್ತು ಬಿಸಾಡಲು ಬರುವುದಿಲ್ಲ.

ಊರಿನ ಈಜುಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ಬಾಯಿಂದ ಉಸಿರಾಡುವುದನ್ನು ರೂಢಿಸಿಕೊಳ್ಳಿ. ಕೊಳವೆಗೆ ನೀರು ನುಗ್ಗಿದರೆ ‘ಫೂ’ ಎಂದು ಜೋರಾಗಿ ಊದಿ ಹೊರಹಾಕಬೇಕು. ಇದು ಅಭ್ಯಾಸವಾದರೆ ಅರ್ಧ ಭಯ ಹೋದಂತೆ. ಹೃದಯದ ತೊಂದರೆ, ಆಸ್ತಮಾ ಇರುವವರು ವೈದ್ಯರನ್ನು ಕೇಳಿಯೇ ಹೊರಡಿ.

ನೀರಿನಲ್ಲಿ

ಲಗೂನು, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ಶಾಂತ ನೀರು, ದ್ವೀಪದ ಪಶ್ಚಿಮಕ್ಕಿದೆ. ಬೆಳಿಗ್ಗೆ, ಗಾಳಿ ಏಳುವ ಮುನ್ನ ಇಳಿಯಿರಿ. ಇಳಿತದ ಹೊತ್ತಿನಲ್ಲಿ ಹವಳ ಹೊಟ್ಟೆಗೆ ತಾಗುವಷ್ಟು ನೀರು ಕಡಿಮೆಯಾಗಬಹುದು. ಉಬ್ಬರದ ವೇಳೆಯನ್ನು ಸ್ಥಳೀಯರಿಂದ ತಿಳಿದುಕೊಳ್ಳಿ. ಈಜು ಬಂದರೂ ಲೈಫ್ ಜಾಕೆಟ್ ಇರಲಿ, ಜೊತೆಗೊಬ್ಬರಿರಲಿ. ದೂರದಲ್ಲಿ ಅಲೆ ಬಿಳಿ ನೊರೆಯಾಗಿ ಒಡೆಯುವ ಗೆರೆ ಕಾಣುತ್ತದಲ್ಲ, ಅದೇ ಹವಳದ ದಿಬ್ಬದ ಅಂಚು. ಅತ್ತ ಹೋಗಬೇಡಿ. ಬಿಸಿಲಿಗೆ ಬೆನ್ನು, ಮೀನಖಂಡ ಸುಡುವುದು ಗೊತ್ತೇ ಆಗದು. ಕ್ರೀಮಿಗಿಂತ ತುಂಬುತೋಳಿನ ಈಜುಡುಗೆ ವಾಸಿ.

ದಣಿದಾಗ ನಿಂತುಬಿಡುವ ಚಪಲ ಬರುತ್ತದೆ. ಹವಳದ ಮೇಲೆ ಕಾಲಿಡಲೇಬೇಡಿ. ಅದು ಮುರಿಯುತ್ತದೆ, ನಿಮ್ಮ ಕಾಲೂ ಕೊಯ್ಯುತ್ತದೆ; ಕಲ್ಲಿನಂತೆ ಕಾಣುವ ವಿಷಮುಳ್ಳಿನ ಕಲ್ಲುಮೀನೂ ಅಲ್ಲೇ ಕೂತಿರಬಹುದು. ಅಂಗಾತ ತೇಲಿ ಸುಧಾರಿಸಿಕೊಳ್ಳಿ.

ಟಿವಿಯಲ್ಲಿ ಕಂಡ ಬಣ್ಣಗಳನ್ನೇ ನಿರೀಕ್ಷಿಸಬೇಡಿ. 1998, 2010, 2016ರ ಕಡಲ ಬಿಸಿಗೆ ಇಲ್ಲಿನ ಹವಳ ಬಿಳುಚಿ ಸಾಕಷ್ಟು ಸತ್ತಿದೆ. ಆದರೂ ಮೀನುಗಳಿಗೆ ಬರವಿಲ್ಲ. ಕಿವಿಗೊಟ್ಟರೆ ಕಟಕಟ ಸದ್ದು ಕೇಳಿಸಬಹುದು: ಗಿಳಿಮೀನು ಕೊಕ್ಕಿನಂಥ ಬಾಯಿಂದ ಹವಳ ಕೆರೆಯುವ ಸದ್ದು. ತಿಂದ ಹವಳದ ಸುಣ್ಣವನ್ನು ಅದು ಪುಡಿಯಾಗಿ ವಿಸರ್ಜಿಸುತ್ತದೆ. ನೀವು ಟವೆಲ್ ಹಾಸಿದ ಬಿಳಿ ಮರಳಿನಲ್ಲಿ ಅದರ ಪಾಲೂ ಇದೆ! ಕಡಲಹುಲ್ಲು ಮೇಯುವ ಹಸಿರು ಆಮೆ ಕಂಡರೆ ಬೆನ್ನಟ್ಟಬೇಡಿ. ಉಸಿರಿಗಾಗಿ ಅದು ಮೇಲೆ ಬರಲೇಬೇಕು, ದಾರಿ ಬಿಡಿ.

ಹೊರಡುವಾಗ

ದ್ವೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುವ ಮಳೆನೀರು. ಸಲಕರಣೆ ತೊಳೆಯಲು ಅರ್ಧ ಬಕೆಟ್ ಸಾಕು. ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ದಡದಲ್ಲಿ ಬಿದ್ದ ತುಂಡನ್ನು ಒಯ್ದರೂ ಸಿಕ್ಕಿಬೀಳಬಹುದು. ವಿಮಾನ ಹತ್ತುವ ಮುನ್ನ ಮಕ್ಕಳ ಜೇಬನ್ನೂ ತಡಕಿ ನೋಡಿ.