ಟ್ರಿಮ್, ಟೇಕ್ ಇನ್, ಕ್ರಾಪ್: ‘ಕಡಿಮೆ ಮಾಡೋ’ ಇಂಗ್ಲಿಷನ್ನ ನಾನು ಕಲಿತಿದ್ದು ಗಾರ್ಮೆಂಟ್ಸಲ್ಲಿ

ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಿಗೆ ಹೆಲ್ಪರ್ ಆಗಿ ಸೇರಿದಾಗ ನನ್ನನ್ನ ಮೊದಲು ಕೂರಿಸಿದ್ದು ಟ್ರಿಮ್ಮಿಂಗ್‌ನಲ್ಲಿ. ಹೊಲಿದು ಬಂದ ಶರ್ಟಲ್ಲಿ ಅಲ್ಲಲ್ಲಿ ನೇತಾಡ್ತಿರೋ ದಾರದ ತುದಿಗಳನ್ನ ಸಣ್ಣ ಕತ್ತರಿಲಿ ಕತ್ತರಿಸ್ತಾ ಹೋಗೋದು, ಬೆಳಗ್ಗೆಯಿಂದ ಸಂಜೆವರೆಗೂ ಅದೇ. ಟ್ರಿಮ್ ಅಂದ್ರೆ ಕತ್ತರಿಸೋದು ಅಂತ ತಲೇಲಿ ಕೂತ್ಬಿಡ್ತು. ಒಂದಿನ ಸೂಪರ್‌ವೈಸರ್ ಸ್ಟೋರಿಂದ ಟ್ರಿಮ್ಸ್ ತಗೊಂಡ್ ಬಾ ಅಂತ ಕಳಿಸಿದ್ರು, ಅಲ್ಲಿ ಕೊಟ್ಟಿದ್ದು ಗುಂಡಿ, ಜಿಪ್ಪು, ಲೇಬಲ್ಲು, ಲೇಸು. ಅಂದ್ರೆ ಬಟ್ಟೆಗೆ ಸೇರಿಸೋ ಸಾಮಾನು! ತೆಗೆಯೋದಕ್ಕೂ ಅದೇ ಪದ, ಸೇರಿಸೋದಕ್ಕೂ ಅದೇ ಪದ ಹೆಂಗೆ ಅಂತ ಬಹಳ ದಿನ ಕಾಡ್ತು.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಆದ್ಮೇಲೆ ಫೋನಲ್ಲಿ ಡಿಕ್ಷನರಿ ನೋಡೋಕೆ ಶುರು ಮಾಡಿದಾಗ. ಹಳೇ ಇಂಗ್ಲಿಷಲ್ಲಿ ಆ ಪದಕ್ಕೆ ಗಟ್ಟಿ ಮಾಡು, ಅಣಿ ಮಾಡು ಅನ್ನೋ ಅರ್ಥ ಇತ್ತಂತೆ. ನಮ್ಮ ಮಾತಲ್ಲಿ ಹೇಳೋದಾದ್ರೆ ಓರಣ ಮಾಡೋದು. ದಾರ ಕತ್ತರಿಸಿದ್ರೂ ಓರಣ, ಗುಂಡಿ ಹಚ್ಚಿದ್ರೂ ಓರಣ, ಕ್ರಿಸ್‌ಮಸ್ ಮರ ಅಲಂಕಾರ ಮಾಡೋದಕ್ಕೂ ಅವರು ಟ್ರಿಮ್ ಅಂತಾರೆ. ಹಂಗಾಗಿ ಯಾರಾದ್ರೂ ಟ್ರಿಮ್ ಅಂದ್ರೆ ಅಂಚಲ್ಲಿ ಸ್ವಲ್ಪ ಅಂತ ಅರ್ಥ, ಅರ್ಧ ಕತ್ತರಿಸಿ ಎಸೆಯೋದಲ್ಲ.

ನಾಕು ವರ್ಷ ಚೆಕಿಂಗ್ ಮಾಡಿದ್ಮೇಲೆ ಸ್ಯಾಂಪ್ಲಿಂಗ್‌ಗೆ, ಅಂದ್ರೆ ಮೊದಲು ಮಾದರಿ ಪೀಸ್ ಹೊಲಿಯೋ ಕಡೆಗೆ ಹಾಕಿದ್ರು. ಬೈಯರ್ ಕಡೆಯಿಂದ, ಅಂದ್ರೆ ಆರ್ಡರ್ ಕೊಟ್ಟ ಕಂಪನಿಯಿಂದ, ಅಳತೆಲಿ ಏನು ಬದಲಾಯಿಸ್ಬೇಕು ಅನ್ನೋ ಫಿಟ್ ಕಾಮೆಂಟ್ಸ್ ಬರೋದು ಇಂಗ್ಲಿಷಲ್ಲಿ, ಅದನ್ನ ಓದಿ ಕತ್ತರಿಸೋ ನಮೂನೆ ಮಾಡೋ ಪ್ಯಾಟರ್ನ್ ಮಾಸ್ಟರ್‌ಗೆ ಹೇಳೋದು ನನ್ನ ಕೆಲಸ. ಮದ್ದೂರು ಕಡೆ ಹಳ್ಳಿ ಸ್ಕೂಲಲ್ಲಿ ಕನ್ನಡ ಮೀಡಿಯಂ ಓದಿದವಳು ನಾನು, ರೆಡ್ಯೂಸ್, ಶಾರ್ಟನ್, ಟೇಕ್ ಇನ್, ಟೇಪರ್ ಎಲ್ಲಕ್ಕೂ ‘ಕಡಿಮೆ ಮಾಡಿ’ ಅಂತಾನೇ ಬರ್ಕೊಳ್ತಿದ್ದೆ. ಎಡವಿದ್ದು ಒಂದು ಕಫ್‌ನಲ್ಲಿ, ಅಂದ್ರೆ ತೋಳಿನ ತುದಿಯ ಪಟ್ಟಿಲಿ. ಕಫ್ ಎತ್ತರ ಏಳು ಸೆಂಟಿಮೀಟರ್ ಇತ್ತು, ಅದನ್ನ ‘ರೆಡ್ಯೂಸ್ ಟು 4’ ಅಂತ ಕಾಮೆಂಟ್ ಬಂದಿತ್ತು. ನಾನು ಮಾಸ್ಟರ್‌ಗೆ ನಾಕು ಕಮ್ಮಿ ಮಾಡಿ ಅಂದೆ, ಸ್ಯಾಂಪಲ್ ಮೂರು ಸೆಂಟಿಮೀಟರ್ ಕಫ್ ಇಟ್ಕೊಂಡು ಹೋಯ್ತು, ವಾಪಸ್ ಬಂತು, ಒಂದು ವಾರ ಹಾಳು. ಅವತ್ತು ಮಾಸ್ಟ್ರು ಬೈಲಿಲ್ಲ, ಸುಣ್ಣದ ಬಿಲ್ಲೆ ತಗೊಂಡು ಟೇಬಲ್ ಮೇಲೆ ಗೆರೆ ಎಳೆದು ‘ನೋಡಮ್ಮ, ನಾಕಕ್ಕೆ ಇಳಿಸು ಅನ್ನೋದು ಬೇರೆ, ನಾಕು ಇಳಿಸು ಅನ್ನೋದು ಬೇರೆ’ ಅಂದ್ರು. ‘ರೆಡ್ಯೂಸ್ ಟು’ ಅಂದ್ರೆ ನಮ್ಮ ‘-ಕ್ಕೆ’, ‘ರೆಡ್ಯೂಸ್ ಬೈ’ ಅಂದ್ರೆ ‘ಅಷ್ಟು’. ಕನ್ನಡದಲ್ಲಿ ನಾನು ಯಾವತ್ತೂ ತಪ್ಪದೆ ಇರೋ ವಿಷ್ಯ ಇಂಗ್ಲಿಷಲ್ಲಿ ತಪ್ಪಿದ್ದೆ.

ಆವಾಗಿಂದ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಕೊಂಡೆ. ಅರ್ಥ ಬರ್ಕೊಳ್ಳೋದು ಬಿಟ್ಟೆ, ಯಾಕಂದ್ರೆ ಅರ್ಥ ಎಲ್ಲಾ ಪದಕ್ಕೂ ಒಂದೇ ಬರ್ತಿತ್ತು. ಅದರ ಬದಲು ಪ್ರತಿ ಪದದ ಮುಂದೆ ಎಲ್ಲಿಂದ ಹೋಗುತ್ತೆ, ಹೋಗಿದ್ದು ಮತ್ತೆ ಸಿಗುತ್ತಾ, ಊರಲ್ಲಿ ಇದಕ್ಕೆ ಏನಂತೀವಿ ಅಂತ ಮಾತ್ರ ಬರೆದೆ. ನನಗೆ ಕೆಲಸಕ್ಕೆ ಬಂದಿದ್ದು ಆ ಮೂರನೇದು.

ಟೇಕ್ ಇನ್ ಅನ್ನೋದನ್ನೇ ತಗೊಳ್ಳಿ. ಟೈಲರ್ ಹತ್ರ ಹೋಗಿ ‘ಸೊಂಟದ ಹತ್ರ ಸ್ವಲ್ಪ ಹಿಡೀರಿ’ ಅಂತೀವಲ್ಲ, ಅದೇ ಇದು. ಇಲ್ಲಿ ಬಟ್ಟೆ ಕತ್ತರಿಸಲೇಬೇಕು ಅಂತಿಲ್ಲ, ಹೊಲಿಗೆ ಒಳಗೆ ಸರಿಯುತ್ತೆ ಅಷ್ಟೇ, ಒಳಗೆ ಬಟ್ಟೆ ಇದ್ರೆ ನಾಳೆ ಬಿಚ್ಚಿ ಲೂಸ್ ಮಾಡಬಹುದು. ನಮ್ಮಮ್ಮ ಯೂನಿಫಾರಂ ಹೊಲಿಸುವಾಗ ‘ಒಳಗೆ ಬಟ್ಟೆ ಬಿಟ್ಟಿರಪ್ಪ, ಮುಂದಿನ ವರ್ಷಕ್ಕೂ ಆಗ್ಬೇಕು’ ಅಂತ ಹೇಳ್ತಿದ್ದಿದ್ದು ನೆನಪಾಗಿ ಈ ಪದ ಒಂದೇ ಸಲಕ್ಕೆ ಕೂತಿತು. ಆದ್ರೆ ಲೆಕ್ಕ ಹುಷಾರು. ಸೈಡ್ ಹೊಲಿಗೆನ ಒಂದು ಸೆಂಟಿಮೀಟರ್ ಒಳಗೆ ತಗೊಂಡ್ರೆ ಮುಂದಿನ ಪೀಸಲ್ಲಿ ಒಂದು, ಹಿಂದಿನದರಲ್ಲಿ ಒಂದು ಹೋಗುತ್ತೆ, ಎರಡೂ ಸೈಡ್ ಸೇರಿ ಸುತ್ತಳತೆಯಲ್ಲಿ ನಾಕು. ಶಾರ್ಟನ್ ಹಂಗಲ್ಲ, ಅದು ಉದ್ದದ ಮಾತು, ಕತ್ತರಿಸಿ ಮಡಚಿ ಹೊಲಿದ್ರೆ ಮುಗೀತು, ವಾಪಸ್ ಬರಲ್ಲ. ಟೇಪರ್ ಅಂದ್ರೆ ಮೂಲಂಗಿ, ಮೇಲೆ ಎಷ್ಟಿದೆಯೋ ಅಷ್ಟೇ ಇರಬೇಕು, ತುದಿಗೆ ಬರ್ತಾ ಬರ್ತಾ ಸಣ್ಣ ಆಗ್ಬೇಕು. ಪ್ಯಾಂಟಿನ ಮೊಣಕಾಲಿಂದ ಕೆಳಕ್ಕೆ ಅಂತ ಬರೆದಿದ್ರೆ ತೊಡೆ ಮುಟ್ಟೋ ಹಾಗಿಲ್ಲ.

ಶ್ರಿಂಕ್ ಆಗೋದು ಯಾರೂ ಮಾಡೋದಲ್ಲ, ತಾನೇ ಕುಗ್ಗೋದು. ಕಾಟನ್ ನೂರಕ್ಕೆ ನಾಕು ಕುಗ್ಗುತ್ತೆ ಅಂತ ಟೆಸ್ಟಲ್ಲಿ ಬಂದ್ರೆ, ಒಗೆದ ಮೇಲೆ 100 ಸೆಂಟಿಮೀಟರ್ ಬೇಕು ಅಂದಾಗ 104 ಕತ್ತರಿಸಿದ್ರೆ ಸಾಲಲ್ಲ. ನೂರನ್ನ 0.96ರಿಂದ ಭಾಗಿಸ್ಬೇಕು, 104.17 ಬರುತ್ತೆ. ಒಂದು ಪೀಸಲ್ಲಿ ಇದು ಕಣ್ಣಿಗೆ ಕಾಣಲ್ಲ, ಆದ್ರೆ ಬಟ್ಟೆ ನಾಕಕ್ಕಿಂತ ಜಾಸ್ತಿ ಕುಗ್ಗೋ ಜಾತಿದಾದ್ರೆ ಈ ತಪ್ಪೂ ಬೆಳೀತಾ ಹೋಗುತ್ತೆ.

ಕ್ರಾಪ್ ಟಾಪ್ ಆರ್ಡರ್ ಬಂದಾಗ, ಕ್ರಾಪ್ ಅಂದ್ರೆ ಬೆಳೆ ಅಲ್ವಾ ಅಂತ ನಮ್ಮ ಲೈನಲ್ಲಿ ಎಲ್ಲರೂ ಕೇಳಿದ್ರು. ನೋಡಿದ್ರೆ ಎರಡೂ ಒಂದೇ ಪದ. ಹಳೇ ಇಂಗ್ಲಿಷಲ್ಲಿ ಗಿಡದ ತಲೆ, ತೆನೆ ಅಂತ ಅರ್ಥ ಇತ್ತು, ಆ ತಲೆ ಕೊಯ್ದದ್ದೇ ಬೆಳೆ, ಆ ಕೊಯ್ಯೋದೇ ಆಮೇಲೆ ಕತ್ತರಿಸೋದು ಆಯ್ತು. ರಾಗಿ ತೆನೆ ಮುರಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಪ್ರೂನ್ ಅನ್ನೋದಕ್ಕೂ ನನಗೆ ಹೊಲವೇ ಗುರು, ನಮ್ಮ ಕಡೆ ರೇಷ್ಮೆ ಸೊಪ್ಪಿನ ಗಿಡವನ್ನ ಕಡ್ಡಿ ಕಡಿದು ಬಿಡೋದು ಮತ್ತೆ ಚೆನ್ನಾಗಿ ಚಿಗುರಲಿ ಅಂತ. ವಿಜಯಪುರದಿಂದ ಬಂದ ಒಬ್ಬಳು ‘ನಮ್ಮಲ್ಲಿ ದ್ರಾಕ್ಷಿಗೆ ಚಾಟ್ನಿ ಅಂತೀವ್ರಿ ಅಕ್ಕಾ, ಏಪ್ರಿಲ್‌ದಾಗ ಒಂದ್ ಸಲ, ಅಕ್ಟೋಬರ್‌ದಾಗ ಒಂದ್ ಸಲ’ ಅಂದ್ಲು, ಅದನ್ನೂ ಪಕ್ಕದಲ್ಲೇ ಬರ್ಕೊಂಡೆ.

ಹುಡುಕ್ತಾ ಹೋದ ಹಾಗೆ ನಾವು ಹೊಲಿಯೋ ಬಟ್ಟೆ ಹೆಸರಲ್ಲೇ ಕತ್ತರಿ ಇದೆ ಅಂತ ಗೊತ್ತಾಯ್ತು, ಇದು ನನಗೆ ತುಂಬಾ ಖುಷಿ ಕೊಟ್ಟ ವಿಷ್ಯ. ಶರ್ಟು, ಸ್ಕರ್ಟು, ಶಾರ್ಟ್ ಮೂರೂ ಕತ್ತರಿಸು ಅನ್ನೋ ಒಂದೇ ಹಳೇ ಬೇರಿನವು. ಟೈಲರ್ ಅನ್ನೋದು ಕತ್ತರಿಸು ಅನ್ನೋ ಫ್ರೆಂಚ್ ಪದದಿಂದ ಬಂದಿದ್ದು, ರಿಟೇಲ್ ಕೂಡ ಅದರ ಸಂಬಂಧಿಕನೇ, ತುಂಡು ಮಾಡಿ ಮಾರೋದು, ಕಟ್ ಪೀಸ್ ಅಂಗಡಿ ಥರ. ಕರ್ಟೇಲ್ ಮಾತ್ರ ಬಾಲ ಕತ್ತರಿಸಿದ ಕುದುರೆಗೆ ಇದ್ದ ಹಳೇ ಹೆಸರಿಂದ ಬಂದಿದೆ. ಪೇಪರಲ್ಲಿ ‘ಅಧಿವೇಶನ ಮೊಟಕು’ ಅಂತ ಹಾಕ್ತಾರಲ್ಲ, ಆ ಮೊಟಕು ಸರಿಯಾಗಿ ಇದೇ, ಇನ್ನೂ ನಡೀಬೇಕಿದ್ದದ್ದನ್ನ ಕೊನೆ ಕತ್ತರಿಸಿ ನಿಲ್ಲಿಸೋದು.

2020ರಲ್ಲಿ ಆರ್ಡರ್‌ಗಳು ನಿಂತಾಗ ಆ ನೋಟ್‌ಬುಕ್ ಬೇರೆ ಕೆಲಸಕ್ಕೆ ಬಂತು. ಗೇಟ್ ಹತ್ರ ಇಂಗ್ಲಿಷ್ ನೋಟಿಸ್ ಹಾಕಿದ್ರು, ಅರ್ಧ ಜನ ಕೆಲಸ ಹೋಯ್ತು ಅಂತ ಅಲ್ಲೇ ಅಳೋಕೆ ಶುರು ಮಾಡಿದ್ರು. ನಾನು ಎರಡು ಸಲ ಓದಿದೆ, ಅದರಲ್ಲಿದ್ದ ಪದ ಲೇಆಫ್, ರಿಟ್ರೆಂಚ್‌ಮೆಂಟ್ ಅಲ್ಲ. ಆಗ ನಡೀತಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಲಿ ಎರಡಕ್ಕೂ ಬೇರೆ ಬೇರೆ ಅರ್ಥ ಇತ್ತು. ಲೇಆಫ್ ಆದ್ರೆ ಕೆಲಸ ಇಲ್ಲ ಅಂತ ಸ್ವಲ್ಪ ದಿನ ಕೂರಿಸೋದು, ಹೆಸರು ಮಸ್ಟರ್ ರೋಲಲ್ಲಿ, ಅಂದ್ರೆ ಹಾಜರಿ ಪುಸ್ತಕದಲ್ಲಿ ಇರುತ್ತೆ, ಒಂದು ವರ್ಷ ಸರ್ವಿಸ್ ಆದವರಿಗೆ ಬೇಸಿಕ್ ಮತ್ತೆ ಡಿಎ ಸೇರಿಸಿ ಅದರ ಅರ್ಧ ಪರಿಹಾರ ಕೊಡ್ಬೇಕು. ರಿಟ್ರೆಂಚ್ ಮಾಡಿದ್ರೆ ಕೆಲಸದಿಂದಾನೇ ತೆಗೆದ ಹಾಗೆ, ಆವಾಗ ಸರ್ವಿಸಿನ ಒಂದೊಂದು ವರ್ಷಕ್ಕೂ ಹದಿನೈದು ದಿನದ ಸಂಬಳ. ಅಲ್ಲೇ ಗೋಡೆಗೆ ಒರಗಿ ಹತ್ತಿಪ್ಪತ್ತು ಜನಕ್ಕೆ ಹೇಳಿದೆ, ಇದು ಹೊಲಿಗೆ ಒಳಗೆ ಹಿಡಿದಿರೋದು ಕಣ್ರೇ, ಕತ್ತರಿ ಹಾಕಿಲ್ಲ, ಯಾರೂ ಯಾವ ಪೇಪರಿಗೂ ರಾಜೀನಾಮೆ ಅಂತ ಸೈನ್ ಹಾಕ್ಬೇಡಿ ಅಂತ.

ಈಗ ಮೂರನೇ ನೋಟ್‌ಬುಕ್ ನಡೀತಿದೆ. ಹೋದ ವಾರ ಒಂದು ಜಾಕೆಟ್ಟಿಗೆ ‘ಪೇರ್ ಬ್ಯಾಕ್ ದ ಡೀಟೇಲ್ಸ್’ ಅಂತ ಕಾಮೆಂಟ್ ಬಂತು. ಹೊಸದಾಗಿ ಸೇರಿರೋ ಹುಡುಗಿ ‘ಅಕ್ಕ, ಎಷ್ಟು ಸೆಂಟಿಮೀಟರ್ ಅಂತ ಬರೆದೇ ಇಲ್ವಲ್ಲ’ ಅಂದ್ಲು. ಪೇರ್ ಅಂದ್ರೆ ಮಾವಿನಕಾಯಿ ಸಿಪ್ಪೆ ಹೆರೆಯೋದು, ತಿರುಳಿಗೆ ಏನೂ ಆಗಬಾರದು, ಅಳತೆ ಮುಟ್ಟಬೇಡ ಅಂದೆ. ಇಬ್ಬರೂ ಕೂತು ಜೇಬಿನ ಮುಚ್ಚಳ, ಭುಜದ ಪಟ್ಟಿ, ಎರಡನೇ ಸಾಲಿನ ಹೊಲಿಗೆ ತೆಗೆಸಿ ಕಳಿಸಿದ್ವಿ, ಇನ್ನೂ ಉತ್ತರ ಬರಬೇಕು.