ಕಟ್ಟೆ ಒಡೆದ ಮೇಲೆ ಹಳ್ಳ ಉಳಿಯಿತು

ಈ ವರ್ಷ ಏಪ್ರಿಲ್ ಮೊದಲ ವಾರದವರೆಗೂ ನಮ್ಮೂರ ಹಳ್ಳ ಹರಿಯಿತು. ಆರು ವರ್ಷದ ಹಿಂದೆ ಸಂಕ್ರಾಂತಿ ಕಳೆದರೆ ಅಲ್ಲಿ ಒಣಕಲ್ಲುಗಳಷ್ಟೇ ಇರುತ್ತಿದ್ದವು. "ಅಕೇಶಿಯಾ ತೋಪು ಬಂದಮೇಲೆ ಹೋದ ನೀರು, ಮತ್ತೆ ಬರುವುದಿಲ್ಲ ತಮ್ಮಾ" ಎಂದಿದ್ದ ಹಿರಿಯರೇ ಮೊನ್ನೆ ಅಲ್ಲಿ ಕಾಲು ತೊಳೆದುಕೊಂಡು ಹೋದರು.

ಜಾಗ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಅರಣ್ಯಭೂಮಿ. ಹಳ್ಳದ ನೀರು ಉಳಿಸುವ ಕೆಲಸಕ್ಕೆ ಗ್ರಾಮ ಅರಣ್ಯ ಸಮಿತಿಯ ಮೂಲಕ ಅನುಮತಿ ಪಡೆದೇ ಇಳಿದೆವು. ಭಾನುವಾರಕ್ಕೆ ಎಂಟು-ಹತ್ತು ಜನ, ಯಾರಿಗೂ ಕೂಲಿಯಿಲ್ಲ.

ಮೊದಲ ವರ್ಷ ನನ್ನ ಹಟಕ್ಕೆ ಹಳ್ಳದ ಕೆಳತುದಿಯಲ್ಲಿ ಎದೆಮಟ್ಟದ ಕಲ್ಲುಕಟ್ಟೆ ಎಬ್ಬಿಸಿದೆವು. ಜೆಸಿಬಿ ಬಾಡಿಗೆ, ಸಿಮೆಂಟು ಎಲ್ಲ ಸೇರಿ ಮೂವತ್ತೆಂಟು ಸಾವಿರದಷ್ಟು ಚಂದಾ ಹಣ ಕರಗಿತು. ಪುನರ್ವಸು ಮಳೆಯ ಒಂದೇ ರಾತ್ರಿಗೆ ಕಟ್ಟೆ ಕಿತ್ತುಹೋಯಿತು. ಬೆಳಿಗ್ಗೆ ನೋಡಿದರೆ ನೀರು ಮೇಲಿನಿಂದ ದಾಟಿರಲಿಲ್ಲ. ದಡದ ಏಡಿ ಬಿಲಗಳಲ್ಲಿ ನುಗ್ಗಿ, ಮಣ್ಣು ಕೊರೆದು, ಪಕ್ಕದಿಂದ ಹೋಗಿತ್ತು. ಎರಡನೆಯ ವರ್ಷ ಮರಳು ತುಂಬಿದ ಪ್ಲಾಸ್ಟಿಕ್ ಚೀಲ ಇಟ್ಟೆವು. ಶಿವರಾತ್ರಿಯ ಹೊತ್ತಿಗೆ ಬಿಸಿಲಿಗೆ ಹರಿದು ಚಿಂದಿಯಾದವು. ಆ ಚೂರುಗಳನ್ನು ಹೆಕ್ಕಲು ಎರಡು ಭಾನುವಾರ ಹಿಡಿಯಿತು.

ಮೂರನೆಯ ವರ್ಷ ಹಳ್ಳದ ತಲೆಯಿಂದ ಕೆಳಗಿಳಿಯುತ್ತ ಬಂದೆವು. ಮೊಣಕಾಲೆತ್ತರದ ಇಪ್ಪತ್ತಮೂರು ಒಡ್ಡು, ಬರೀ ಅಲ್ಲಿಯದೇ ಕಲ್ಲು. ಪ್ರತಿ ಒಡ್ಡಿನ ನಡುವೆ ನೀರು ದಾಟಲು ಗೇಣು ತಗ್ಗು, ಎರಡೂ ತುದಿ ದಡದೊಳಗೆ ಒಂದು ಮೊಳ, ನೀರು ಬೀಳುವ ಕಡೆ ಹಾಸುಗಲ್ಲು. ಹೂಳು ನಿಂತಲ್ಲೆಲ್ಲ ಕೇದಗೆ ಜಾತಿಯ ಮುಂಡಿಗೆ, ವಾಟೆ ಬಿದಿರು, ಹೊಳೆದಾಸವಾಳದ ಮರ ನೆಟ್ಟೆವು. ಮುಂಡಿಗೆಯನ್ನು ಮೊದಲ ಮಳೆಯ ಹೊಡೆತಕ್ಕೆ ಕೀಳದಂತೆ ನಿಲ್ಲಿಸಲು ನನ್ನದೇ ಒಂದು ಕ್ರಮವಿದೆ. ಅದನ್ನು ಹಳ್ಳಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಅಲ್ಲಿಂದ ಈಚೆಗೆ ಹಾರೆ, ಊಟ, ದನ ಬರದಂತೆ ಹಾಕಿದ ಬೇಲಿ ಸೇರಿ ಹದಿನಾಲ್ಕು ಸಾವಿರ ದಾಟಿಲ್ಲ. ಈ ಮಾರ್ಚ್ ನಡುವಿನಲ್ಲಿ ಹದಿನೈದು ಲೀಟರಿನ ಬಕೆಟ್ ಹಿಡಿದರೆ ನಲವತ್ತು ಸೆಕೆಂಡಿಗೆ ತುಂಬುತ್ತಿತ್ತು.

ಕೆಳಗೆ ಅರ್ಧ ಎಕರೆಯಷ್ಟು ಜಡ್ಡಿ, ಅಂದರೆ ಜೌಗು ನೆಲ, ಇದೆ. ಎಂದೋ ಯಾರೋ ತೋಡಿದ ಬಸಿಗಾಲುವೆ ಅದನ್ನು ಒಣಗಿಸುತ್ತಿತ್ತು. ನಾಲ್ಕು ಕಡೆ ಕಾಲುವೆಗೆ ಜೇಡಿಮಣ್ಣು ತುಳಿದು ಕಟ್ಟಿದೆವು. ಎರಡು ಮಳೆಗಾಲ ಕಳೆದಮೇಲೆ ಈಗ ಡಿಸೆಂಬರಿನಲ್ಲೂ ಪಾದ ಹೂತುಹೋಗುತ್ತದೆ.

ಕತ್ತಲೆಕಾನು ಎಂಬ ಕಾಡಿನಲ್ಲಿ, ಜಾಯಿಕಾಯಿ ಜಾತಿಯ ರಾಮಪತ್ರೆ ಮರಗಳ ಜಡ್ಡಿಯಲ್ಲಿ, ಕೆಸರಿನಿಂದ ಮಂಡಿಯಂತೆ ಬಾಗಿ ಮೇಲೆದ್ದ ಮಂಡಿಬೇರುಗಳನ್ನು ಕಂಡಾಗಿನಿಂದ ಇಲ್ಲಿಯೂ ಆ ಮರ ಬೆಳೆಸುವ ಆಸೆ ನನಗೆ. ಮೊದಲ ಸಲ ಬೀಜವನ್ನು ವಾರಗಟ್ಟಲೆ ನೆರಳಲ್ಲಿ ಆರಿಸಿಟ್ಟೆ, ಒಂದೂ ಮೊಳೆಯಲಿಲ್ಲ. ಆ ಬೀಜ ಒಣಗಿದರೆ ಸತ್ತಂತೆ. ಮರುವರ್ಷ ತಂದ ದಿನವೇ ಒದ್ದೆ ಮರಳಿಗೆ ಹಾಕಿದೆ, ನೂರಿಪ್ಪತ್ತರಲ್ಲಿ ಎಪ್ಪತ್ತರಷ್ಟು ಹುಟ್ಟಿದವು. ಜಡ್ಡಿಗಿಳಿಸಿದವುಗಳಲ್ಲಿ ನಲವತ್ತು ಉಳಿದು ಮೊಣಕಾಲೆತ್ತರ ಬಂದಿವೆ. ಮಂಡಿಬೇರು ಏಳಲು ಇನ್ನೂ ಬಹಳ ವರ್ಷ ಬೇಕು. ಆದರೂ ಭಾನುವಾರ ಹೋದಾಗಲೆಲ್ಲ ಬುಡದ ತರಗೆಲೆ ಸರಿಸಿ ನೋಡಿಯೇ ಬರುತ್ತೇನೆ.